ರ‍್ಯಾಂಕಿನಿಂದ ಸೀಟಿನವರೆಗೆ



ಪ್ರೌಢಶಾಲೆಯ ಮಕ್ಕಳೂ ಅವರ ತಂದೆತಾಯಿಗಳೂ ಸಿ.ಇ.ಟಿ. ಎಂಬ ಮೂರಕ್ಷರಗಳನ್ನು ಭಯದಿಂದಲೇ ಉಚ್ಚರಿಸುತ್ತಿರುವ ಈ ಕಾಲದಲ್ಲಿ, ಆ ಪರೀಕ್ಷೆ ಏತಕ್ಕೆ ಹುಟ್ಟಿತು, ಅದರಿಂದ ರ‍್ಯಾಂಕು ಹೇಗೆ ಬರುತ್ತದೆ, ರ‍್ಯಾಂಕಿನಿಂದ ಸೀಟು ಹೇಗೆ ದೊರೆಯುತ್ತದೆ ಎಂಬುದನ್ನು ಸಾವಧಾನವಾಗಿ ವಿವರಿಸುವುದು ಅವಶ್ಯವೆಂದು ಭಾವಿಸಿದ್ದೇನೆ. ಈ ಭಯದ ಬಹುಭಾಗ ಪರೀಕ್ಷೆಯ ಕ್ರಮವನ್ನರಿಯದುದರಿಂದಲೇ ಹುಟ್ಟಿದುದೆಂದು ನನ್ನ ನಂಬಿಕೆ.

ಒಂದು ಕಾಲದಲ್ಲಿ ನಮ್ಮ ರಾಜ್ಯದ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಕ್ಯಾಪಿಟೇಷನ್, ಎಂದರೆ ಪ್ರವೇಶಕ್ಕಾಗಿ ನಿಗದಿತ ಶುಲ್ಕದ ಮೇಲೆ ಕೇಳುವ ಹಣ, ತೆತ್ತವರಿಗೇ ಸೀಟು ಎಂಬಂತಾಗಿತ್ತು. ಅದನ್ನು ನಿಷೇಧಿಸಿ 1984ರಲ್ಲಿ ಕಾನೂನು ಬಂದಿತಾದರೂ, ಖಾಸಗಿ ವೈದ್ಯಕೀಯ ಕಾಲೇಜುಗಳು ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಿಗೆ ಕರ್ನಾಟಕದವರಿಂದ 25,000ದವರೆಗೆ, ಹೊರರಾಜ್ಯದವರಿಂದ 60,000ದವರೆಗೆ ಪಡೆಯಬಹುದೆಂಬ ಅಧಿಸೂಚನೆ 1989ರಲ್ಲಿ ಹೊರಟಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿಯೂ, ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಕ್ಯಾಪಿಟೇಷನ್ನನ್ನು ಖಂಡಿಸಿದ ಮೇಲೆ, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ನಮ್ಮಲ್ಲಿ ಜಾರಿಗೆ ಬಂದಿತು. ಹಣವಿಲ್ಲದ ಮನೆಯ ಪ್ರತಿಭೆಗೆ ಬಾಗಿಲು ತೆರೆಯಲೆಂದು ಬಂದ ಪರೀಕ್ಷೆ ಇದು. ಇಂದು ಕೋಚಿಂಗಿನ ದುಬಾರಿ ಶುಲ್ಕ ಆ ಬಾಗಿಲಿಗೇ ಅಡ್ಡನಿಂತಿರುವುದು ನನಗೆ ಅತ್ಯಂತ ಖೇದದ ಸಂಗತಿ.

ವೈದ್ಯಕೀಯಕ್ಕೆ ಈಗ ಅಖಿಲ ಭಾರತದ ನೀಟ್ ಪರೀಕ್ಷೆಯೇ ಆಧಾರ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಅಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ ಬಂದರೆ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಸಿ.ಇ.ಟಿ.ಯಲ್ಲಾದರೋ ಪ್ರತಿ ವಿಷಯಕ್ಕೆ 80 ನಿಮಿಷ, 60 ಅಂಕ, ತಪ್ಪಿಗೆ ಕಡಿತವಿಲ್ಲ. ಆದುದರಿಂದ ಇಲ್ಲಿ ಓ.ಎಂ.ಆರ್. ಹಾಳೆಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಏಳಬಾರದು.

ಇಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಸಿ.ಇ.ಟಿ.ಯ ಅಂಕ ಅರ್ಧ, ದ್ವಿತೀಯ ಪಿ.ಯು. ಅಂಕ ಅರ್ಧ. ಒಬ್ಬಳು ಪಿ.ಯು.ವಿನ ಆ ಮೂರು ವಿಷಯಗಳಲ್ಲಿ 300ಕ್ಕೆ 285, ಸಿ.ಇ.ಟಿ.ಯಲ್ಲಿ 180ಕ್ಕೆ 99 ಪಡೆದಳೆನ್ನೋಣ. ಮತ್ತೊಬ್ಬನು 240 ಹಾಗೂ 126 ಪಡೆದನೆನ್ನೋಣ. ಸಿ.ಇ.ಟಿ.ಯಲ್ಲಿ ಇಪ್ಪತ್ತೇಳು ಅಂಕ ಮುಂದಿದ್ದರೂ ಅವನು ಅವಳಿಗೆ ಸಮನೇ ಆಗುತ್ತಾನೆ: ಇಬ್ಬರದೂ ಶೇಕಡ 75. ಪಿ.ಯು. ಪಾಠವನ್ನು ಕಡೆಗಣಿಸಿ ಬರಿಯ ಬಹುಆಯ್ಕೆಯ ಪ್ರಶ್ನೆಗಳ ಅಭ್ಯಾಸದಲ್ಲಿ ಮುಳುಗುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

ಇನ್ನು ಹೆಚ್ಚಿನವರು ಎಡವುವುದು ಪರೀಕ್ಷೆಯಾದ ಮೇಲೆ, ಆಪ್ಷನ್ ಎಂಟ್ರಿಯಲ್ಲಿ, ಎಂದರೆ ಬೇಕಾದ ಕಾಲೇಜು, ಶಾಖೆಗಳನ್ನು ಆದ್ಯತೆಯ ಕ್ರಮದಲ್ಲಿ ಪಟ್ಟಿಮಾಡಿ ಕೊಡುವಲ್ಲಿ. ಗಣಕಯಂತ್ರವು ರ‍್ಯಾಂಕಿನ ಅನುಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ಪರಿಶೀಲಿಸುತ್ತ, ಅವರ ಸರದಿ ಬಂದಾಗ ಉಳಿದಿರುವ ಮೊದಲ ಸೀಟನ್ನು ಅವರಿಗೆ ಕೊಡುತ್ತದೆ. ದೊರೆಯಲಾರದೆಂಬ ಅಳುಕಿನಿಂದ ಮೆಚ್ಚಿನ ಕಾಲೇಜನ್ನು ಕೆಳಗೆ ಬರೆದು, ಸುಲಭವಾದುದನ್ನು ಮೇಲೆ ಬರೆದವರಿಗೆ ಆ ಸುಲಭವಾದುದೇ ಗಂಟುಬೀಳುತ್ತದೆ. ಅದರ ಕೆಳಗಿನದನ್ನು ಯಂತ್ರವು ಆ ಸುತ್ತಿನಲ್ಲಿ ನೋಡುವುದೇ ಇಲ್ಲ. ಅಲಭ್ಯವೆಂದು ತೋರುವುದನ್ನು ಮೊದಲು ಬರೆದುದರಿಂದ ಕೆಳಗಿನ ಅವಕಾಶಕ್ಕೆ ಎಳ್ಳಷ್ಟೂ ಕುಂದಿಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳು ಮಾರ್ಕ್ಸ್ ತಂದೂ ಹಂಬಲಿಸಿದ ಶಾಖೆಯನ್ನು ಕಳೆದುಕೊಳ್ಳುವುದು ಈ ಒಂದು ಅಪಾರ್ಥದಿಂದ.

ಪ್ರೌಢಶಾಲೆ ಮುಗಿಯುವಾಗಲೇ ಮಾಡಬೇಕಾದುದೂ ಒಂದಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿಯುಂಟು. ಇವಕ್ಕೆ ವ್ಯಾಸಂಗ ಪತ್ರ ಬೇಕು. ಅದರ ಮೇಲೆ ಮುಖ್ಯೋಪಾಧ್ಯಾಯರ ಸಹಿಯೂ ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.) ಅವರ ಮೇಲುರುಜುವೂ ಇರಬೇಕು. ಓದಿದ ಶಾಲೆಗಳು ಎರಡು ಮೂರಿದ್ದರೆ ಪ್ರತಿಯೊಂದರಿಂದಲೂ ಪಡೆಯಬೇಕಾಗುತ್ತದೆ. ಬೇಸಗೆಯ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುವಾಗ ಅಲೆಯುವ ಬದಲು, ಹತ್ತನೆಯ ತರಗತಿ ಮುಗಿದೊಡನೆಯೇ ವಿಚಾರಿಸಿ ಬರೆಸಿಟ್ಟುಕೊಳ್ಳುವುದು ಲೇಸು.