ಸಿದ್ದಿಗಳ ಓಟ, ನಮ್ಮ ನೋಟ



ಈ ಹೈದರಾಬಾದಿನ ಎ.ಸಿ. ಗಾರ್ಡ್ಸ್ ಬಡಾವಣೆ ತಮಗೆಲ್ಲ ಪರಿಚಿತ. ನಿಜಾಮರ ಆಫ್ರಿಕನ್ ಅಶ್ವದಳದಿಂದ ಬಂದ ಹೆಸರದು. ಅದೇ ಖಂಡದ ಮೂಲದ ಸಿದ್ದಿಗಳು ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳಿದ್ದಾರೆ. ಅವರನ್ನು ಕನ್ನಡಿಗರೆಂದು ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತೇವೆ?

ಮಾರ್ಗರೆಟ್ ಆಳ್ವರು ಕ್ರೀಡಾ ಖಾತೆಯ ಸಚಿವೆಯಾಗಿದ್ದಾಗ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಯ್ದು ತರಬೇತಿಗೆ ತೊಡಗಿತು. ಆ ಪೀಳಿಗೆಯ ಕಮಲಾ ಸಿದ್ದಿ ಹರ್ಡಲ್ಸ್ ಓಟದಲ್ಲಿ ಹೆಸರಾದರು. 1993ರಲ್ಲಿ ಯೋಜನೆ ನಿಂತಿತು. ಕೆಲವರಿಗೆ ಸರ್ಕಾರಿ ನೌಕರಿ ದಕ್ಕಿತು. ಹಲವರು ಬರಿಗೈಯಲ್ಲಿ ಊರಿಗೆ ಮರಳಿದರು. ಆಫ್ರಿಕದ ರಕ್ತವಿದ್ದರೆ ಪದಕ ತಾನೇ ಬರುವುದೆಂಬ ನಿರೀಕ್ಷೆಯೂ ವರ್ಣಭೇದದ ಇನ್ನೊಂದು ಮುಖವೇ.

ಅಮೆರಿಕದ ಪೀಟರ್ ವೆಸ್ಟ್‌ಬ್ರೂಕ್ ಅವರನ್ನು ನೋಡಿ. ಸಿರಿವಂತ ಬಿಳಿಯರದೆನಿಸಿದ್ದ ಕತ್ತಿವರಸೆಯಲ್ಲಿ ಈ ಕಪ್ಪು ಕ್ರೀಡಾಪಟು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಅಷ್ಟಕ್ಕೇ ತೃಪ್ತರಾಗದೆ, 1991ರಲ್ಲಿ ನ್ಯೂಯಾರ್ಕಿನಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿ ನಗರದ ಮಕ್ಕಳ ಕೈಗೆ ಕತ್ತಿ ಕೊಟ್ಟರು. ಅಲ್ಲಿ ಕಲಿತ ಕೆಲವರು ಒಲಿಂಪಿಕ್ ಪದಕವನ್ನೂ ತಂದರು. 2024ರಲ್ಲಿ ಅವರು ತೀರಿಕೊಂಡರು, ಕಟ್ಟಿದ್ದು ಉಳಿಯಿತು.

ಸರ್ಕಾರಿ ಸೇವೆಯಲ್ಲಿರುವ ನಾನು ಬಲ್ಲೆ: ಕಡತ ಮುಚ್ಚಲು ಒಂದು ಸಹಿ ಸಾಕು, ಆಟಗಾರನನ್ನು ಬೆಳೆಸಲು ಹತ್ತು ವರ್ಷ ಬೇಕು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದೇ 2003ರಲ್ಲಿ. ಮಾನ್ಯತೆ ಕಾಗದದಲ್ಲಿದೆ, ಅದು ನಮ್ಮ ಮನಸ್ಸಿಗೂ ಇಳಿಯಬೇಕು. ಹೊರನಾಡಿನಲ್ಲಿ 'ನೀವು ಎಲ್ಲಿಯವರು?' ಎಂಬ ಪ್ರಶ್ನೆಯ ಮೊನಚನ್ನು ಅರಿತ ನಾವು, ತವರಿನಲ್ಲೇ ಅದನ್ನು ಕೇಳಿಸಿಕೊಳ್ಳುವ ಸಿದ್ದಿಯ ಪಕ್ಕದಲ್ಲಿ ಮೊದಲು ನಿಲ್ಲಬೇಕಾದವರು.