ಕೌಸಾನಿಯಿಂದ ಸಾಲ್ಕಣಿಗೆ: ಸೇವೆಯೆಂಬ ಅಂತರಂಗದ ಸಾಧನೆ



ಗಿಡ ನೆಡುವ ಕಾರ್ಯ ಮಳೆಗಾಲದ ಒಂದು ದಿನದಲ್ಲಿ ಮುಗಿದುಹೋಗುತ್ತದೆ. ಅಂದು ಊರಿನವರು ಸೇರುತ್ತಾರೆ, ಭಾಷಣಗಳಾಗುತ್ತವೆ, ಪತ್ರಿಕೆಗೆ ಭಾವಚಿತ್ರವೂ ಹೋಗುತ್ತದೆ. ಆದರೆ ಚೈತ್ರದ ಬಿಸಿಲಿನಲ್ಲಿ ಅದೇ ಗಿಡಕ್ಕೆ ಒಂದು ಕೊಡ ನೀರು ಹೊತ್ತು ತರುವವರು ಯಾರು? ದನ ಮೇಯದಂತೆ ಸುತ್ತಲೂ ಮುಳ್ಳು ಕಟ್ಟುವವರು ಯಾರು? ನೋಡುವವರಿಲ್ಲದ, ಹೊಗಳುವವರಿಲ್ಲದ ಆ ದಿನಗಳಲ್ಲಿಯೇ ಸೇವೆಯ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಆ ಪರೀಕ್ಷೆ ನಡೆಯುವುದು ಹೊರಗಿನ ಕಾಡಿನಲ್ಲಿ ಅಲ್ಲ, ಮನುಷ್ಯನ ಒಳಗೆ. ಆದ್ದರಿಂದಲೇ ಈ ನೆಲದ ಹಿರಿಯರು ಸೇವೆಯನ್ನು ಸಮಾಜಕಾರ್ಯವೆಂದು ಮಾತ್ರ ಕರೆಯದೆ ಸಾಧನೆ ಎಂದು ಕರೆದರು.

ಈ ಸಾಧನೆಯ ಒಂದು ಎಳೆ ಹಿಮಾಲಯದ ಬೆಟ್ಟವೊಂದರಿಂದ ಹೊರಟು ಸಹ್ಯಾದ್ರಿಯ ಕಾಡಿನವರೆಗೆ ಹರಿದು ಬಂದಿದೆ. ಆ ಎಳೆಯನ್ನು ಹಿಡಿದು ನಡೆದರೆ ನಿಸ್ವಾರ್ಥವೆಂಬ ಮಾತಿನ ಅರ್ಥ ಸ್ಪಷ್ಟವಾಗುತ್ತದೆ.

1929ರ ಜೂನ್ ತಿಂಗಳಲ್ಲಿ ಗಾಂಧೀಜಿ ಕುಮಾವೂ ಪ್ರದೇಶದ ಕೌಸಾನಿಯಲ್ಲಿ ತಂಗಿದ್ದರು. ಎದುರಿಗೆ ಹಿಮಶಿಖರಗಳ ಸಾಲು. ಭಗವದ್ಗೀತೆಗೆ ತಾವು ಮಾಡಿದ್ದ ಗುಜರಾತಿ ಅನುವಾದಕ್ಕೆ ಅವರು ಪ್ರಸ್ತಾವನೆಯನ್ನು ಬರೆದದ್ದು ಅಲ್ಲಿಯೇ. ಆ ಅನುವಾದಕ್ಕೆ ಅವರು ಕೊಟ್ಟ ಹೆಸರು 'ಅನಾಸಕ್ತಿ ಯೋಗ'. ಅದು ಪ್ರಕಟವಾದದ್ದು 1930ರ ಮಾರ್ಚ್ 12ರಂದು, ದಂಡಿಯಾತ್ರೆ ಹೊರಟ ದಿನವೇ. ಅನಾಸಕ್ತಿ ಎಂದರೆ ಉದಾಸೀನವಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರುವ ಕಾಕತಾಳೀಯ ಬೇರೊಂದಿಲ್ಲ. ಫಲತ್ಯಾಗವೆಂದರೆ ಫಲದ ಬಗ್ಗೆ ಅಲಕ್ಷ್ಯವಲ್ಲ. ಮಾಡಬೇಕಾದ ಕೆಲಸದ ಪರಿಣಾಮವನ್ನು ಅರಿತು, ಅದಕ್ಕೆ ತಕ್ಕ ಸಾಧನಗಳನ್ನು ಕೂಡಿಸಿಕೊಂಡು, ಪೂರ್ಣ ಮನಸ್ಸಿನಿಂದ ದುಡಿದು, ಆಮೇಲೆ ಫಲದ ಹಂಬಲವನ್ನು ಬಿಡುವುದು. ಇದು ಆ ಪ್ರಸ್ತಾವನೆಯ ಸಾರ.

ಅದೇ ಕೌಸಾನಿಗೆ 1941ರಲ್ಲಿ ಒಬ್ಬ ಆಂಗ್ಲ ಮಹಿಳೆ ಬಂದರು. ಅವರು ಲಂಡನ್ನಿನಲ್ಲಿ 1901ರಲ್ಲಿ ಜನಿಸಿದ ಕ್ಯಾಥರೀನ್ ಮೇರಿ ಹೈಲ್‌ಮನ್. 1932ರಲ್ಲಿ ಭಾರತಕ್ಕೆ ಬಂದು, ಗಾಂಧೀಜಿಯ ಆಶ್ರಮದಲ್ಲಿ ವರ್ಷಗಳ ಕಾಲ ದುಡಿದು, ಸರಳಾ ಬೆಹನ್ ಆದವರು. 1942ರ ಚಳವಳಿಯಲ್ಲಿ ಗಂಡಸರು ಸೆರೆಮನೆ ಸೇರಿದಾಗ ಅವರ ಮನೆಗಳನ್ನು ಹುಡುಕಿಕೊಂಡು ಸರಳಾ ಬೆಹನ್ ಬೆಟ್ಟದ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. ತಾವೂ ಸೆರೆಮನೆ ಕಂಡರು. 1946ರಲ್ಲಿ ಬೆಟ್ಟದ ಹೆಣ್ಣುಮಕ್ಕಳಿಗಾಗಿ ಕೌಸಾನಿಯಲ್ಲಿ ಲಕ್ಷ್ಮೀ ಆಶ್ರಮವನ್ನು ಕಟ್ಟಿದರು. ಅಲ್ಲಿ ಅಕ್ಷರದೊಡನೆ ನೂಲುವುದು, ಹಸು ಸಾಕುವುದು, ತೋಟ ಮಾಡುವುದು ಎಲ್ಲವೂ ಶಿಕ್ಷಣವೇ ಆಗಿತ್ತು.

ಆ ಆಶ್ರಮದಲ್ಲಿ ರೂಪುಗೊಂಡವರಲ್ಲಿ ವಿಮಲಾ ನೌಟಿಯಾಲ್ ಒಬ್ಬರು. ತೆಹ್ರಿಯ ಯುವ ರಾಜಕಾರಣಿ ಸುಂದರಲಾಲ್ ಬಹುಗುಣರೊಡನೆ ಅವರ ವಿವಾಹದ ಮಾತು ಬಂದಾಗ ವಿಮಲಾ ಒಂದು ಷರತ್ತು ಇಟ್ಟರು: ಪಕ್ಷ ರಾಜಕಾರಣವನ್ನು ಬಿಡಬೇಕು, ಹಳ್ಳಿಯಲ್ಲಿ ನೆಲೆಸಿ ಜನರ ನಡುವೆ ದುಡಿಯಬೇಕು. ಬಹುಗುಣರು ಒಪ್ಪಿದರು. 1956ರಲ್ಲಿ ವಿವಾಹವಾಯಿತು, ಸಿಲ್ಯಾರಾ ಗ್ರಾಮದಲ್ಲಿ ಅವರ ಆಶ್ರಮ ಆರಂಭವಾಯಿತು. ಮುಂದೆ ಜಗತ್ತೇ ಬಲ್ಲ ಚಿಪ್ಕೊ ಚಳವಳಿಯ ದನಿಯಾಗಿ ಬಹುಗುಣರು ಬೆಳೆದದ್ದರ ಹಿಂದೆ ಈ ಒಬ್ಬ ಹೆಣ್ಣುಮಗಳ ಷರತ್ತು ಇತ್ತು. ವಿಮಲಾ ಅವರ ಹೆಸರನ್ನು ಬಲ್ಲವರು ಇಂದಿಗೂ ಕಡಿಮೆ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ತಳಪಾಯದ ಕಲ್ಲು ಕಣ್ಣಿಗೆ ಕಾಣುವುದಿಲ್ಲ. ಮನೆ ನಿಂತಿರುವುದು ಮಾತ್ರ ಅದರ ಮೇಲೆಯೇ.

ಚಿಪ್ಕೊ ಚಳವಳಿಯಲ್ಲಿ ದುಡಿದು ಊರಿಗೆ ಮರಳಿದ ಪಾಂಡುರಂಗ ಹೆಗಡೆ ಹಾಗೂ ಶಿರಸಿ ಸೀಮೆಯ ಯುವಕರು, ಮಹಿಳೆಯರು 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಬಳಿಯ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಮಳೆ, ಜಿಗಣೆಗಳ ನಡುವೆ ಮೂವತ್ತೆಂಟು ದಿನ ಆ ಕಾವಲು ನಡೆಯಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳು ಅಪ್ಪಿಕೊ ಚಳವಳಿಯ ಧ್ಯೇಯವಾದವು. ಕೌಸಾನಿಯ ಎಳೆ ಹೀಗೆ ಸಾಲ್ಕಣಿಗೆ ಬಂದು ಸೇರಿತು.

ಇಷ್ಟರಲ್ಲಿಯೇ ಕಥೆ ಮುಗಿದಿದ್ದರೆ ಸೇವೆಗೆ ಎಂದೂ ಗೆಲುವೇ ದೊರೆಯುವುದೆಂದು ವಿದ್ಯಾರ್ಥಿಗಳು ಭಾವಿಸಿಯಾರು. ಹಾಗಲ್ಲ. ಹಿಮಾಲಯದ ಕಾಡಿಗಾಗಿ ಗೆದ್ದ ಬಹುಗುಣರು ಭಾಗೀರಥಿ ನದಿಗಾಗಿ ಸೋತರು. ತೆಹ್ರಿ ಅಣೆಕಟ್ಟಿನ ವಿರುದ್ಧ ನದಿಯ ದಡದಲ್ಲಿಯೇ ಗುಡಿಸಲು ಕಟ್ಟಿಕೊಂಡು ವರ್ಷಗಟ್ಟಲೆ ಅವರು ಬಾಳಿದರು. 1995ರಲ್ಲಿ 45 ದಿನ, 1996ರಲ್ಲಿ ದೆಹಲಿಯ ರಾಜಘಾಟಿನಲ್ಲಿ 74 ದಿನ ಉಪವಾಸ ಮಾಡಿದರು. ಆದರೂ 260 ಮೀಟರ್ ಎತ್ತರದ ಆ ಅಣೆಕಟ್ಟು ಎದ್ದು ನಿಂತಿತು. ಹಳೆಯ ತೆಹ್ರಿ ಪಟ್ಟಣ ಜಲಾಶಯದಲ್ಲಿ ಮುಳುಗಿತು. 2006ರಲ್ಲಿ ವಿದ್ಯುತ್ ಉತ್ಪಾದನೆಯೂ ಆರಂಭವಾಯಿತು. ಬಹುಗುಣರಿಗೆ ಆಗ ಎಂಬತ್ತರ ಸಮೀಪದ ವಯಸ್ಸು.

ಫಲವನ್ನೇ ನಂಬಿ ದುಡಿದವನಿಗೆ ಇಂತಹ ಸೋಲು ಎರಡು ದಾರಿಗಳನ್ನು ಮಾತ್ರ ಬಿಡುತ್ತದೆ: ಒಂದು ಕಹಿ, ಇನ್ನೊಂದು ನಿಷ್ಕ್ರಿಯತೆ. ಬಹುಗುಣರು ಎರಡನ್ನೂ ಹಿಡಿಯಲಿಲ್ಲ. ಗುಡ್ಡದಲ್ಲಿ ಮರ ಉಳಿಯಬೇಕು, ನದಿ ಹರಿಯಬೇಕು ಎಂಬ ಮಾತನ್ನು ಕೇಳಲು ಬಂದ ಮಕ್ಕಳಿಗೂ ಅಧಿಕಾರಿಗಳಿಗೂ ಒಂದೇ ಮೃದುತ್ವದಿಂದ ಹೇಳುತ್ತಲೇ ಉಳಿದರು. 2021ರ ಮೇ 21ರಂದು ಕೋವಿಡ್ ಅವರನ್ನು ಕರೆದೊಯ್ಯಿತು. 1981ರಲ್ಲಿ ಮರ ಕಡಿಯುವುದು ನಿಂತಿಲ್ಲವೆಂದು ಪದ್ಮಶ್ರೀಯನ್ನು ನಿರಾಕರಿಸಿದ ಅವರು 2009ರಲ್ಲಿ ಪದ್ಮವಿಭೂಷಣವನ್ನು ಸ್ವೀಕರಿಸಿದರು. ಪ್ರಶಸ್ತಿಯನ್ನು ಒಲ್ಲೆನೆಂಬುದರಲ್ಲಿಯೂ ಅಹಂಕಾರ ಅಡಗಿರಬಹುದು, ಪಡೆಯುವುದರಲ್ಲಿಯೂ ವಿನಯ ಇರಬಹುದು. ಅಳತೆಗೋಲು ಒಳಗಿನದು.

ಸೇವೆಯ ವೇಷದಲ್ಲಿ ಆಸೆ ಹೇಗೆ ಒಳನುಗ್ಗುತ್ತದೆ ಎಂಬುದನ್ನು ಕನ್ನಡನಾಡು ಹನ್ನೆರಡನೆಯ ಶತಮಾನದಲ್ಲಿಯೇ ಅರಿತಿತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದನಂತೆ. ಪತ್ನಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ; ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳು. ಇನ್ನೊಂದು ದಿನ ಮಾರಯ್ಯ ಶರಣರ ಗೋಷ್ಠಿಯಲ್ಲಿ ಮೈಮರೆತು ಕಾಯಕವನ್ನೇ ಮರೆತಾಗ, ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವಳೂ ಅವಳೇ. ಪರಿಸರದ ಹೆಸರಿನಲ್ಲಿ ಸಭೆಯಿಂದ ಸಭೆಗೆ ಓಡಾಡುವ ಕಾರ್ಯಕರ್ತರು ಈ ಎರಡು ಪ್ರಸಂಗಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಚರ್ಚೆ ಎಷ್ಟೇ ಉನ್ನತವಾಗಿರಲಿ, ಕೆರೆಯ ಹೂಳು ಚರ್ಚೆಯಿಂದ ಮೇಲೆ ಬರುವುದಿಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತೂ ಅಗತ್ಯ. ನಿಸ್ವಾರ್ಥವೆಂಬ ಪದವನ್ನು ಉಳ್ಳವರು ಇಲ್ಲದವರಿಗೆ ಉಪದೇಶಿಸುವುದುಂಟು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯೊಡನೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದವರು. ಶಾಲೆಯ ಮೆಟ್ಟಿಲು ಹತ್ತದಿದ್ದರೂ ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜ ಯಾವಾಗ ಬಲಿಯುತ್ತದೆ, ಯಾವ ಬೀಜ ಹೇಗೆ ಮೊಳೆಯುತ್ತದೆ ಎಂಬುದನ್ನು ಕೈಯಿಂದಲೇ ಕಲಿತರು. ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಿನಲ್ಲಿ ಅವರು 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ದೇಶವೇ ಕಂಡು ಕೊಂಡಾಡಿತು. ಆದರೆ ಆ ಕೈಗಳು ದಶಕಗಳ ಕಾಲ ದಿನಗೂಲಿಯ ಕೈಗಳಾಗಿಯೇ ಉಳಿದಿದ್ದವು. ನೌಕರಿ ಕಾಯಂ ಆದದ್ದು ಬಹಳ ತಡವಾಗಿ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡ ಆ ಹಿರಿಯರ ಬಾಳು ಒಂದು ಸತ್ಯವನ್ನು ಹೇಳುತ್ತದೆ: ಕೂಲಿ ಪಡೆದು ಮಾಡಿದ ಕೆಲಸವೂ ಸೇವೆಯಾಗಬಲ್ಲದು, ಕೂಲಿ ಕೊಡದೆ ಮಾಡಿಸಿಕೊಂಡದ್ದು ಸೇವೆಯಲ್ಲ, ಶೋಷಣೆ. ನಿಸ್ವಾರ್ಥವನ್ನು ಮನುಷ್ಯನು ತನ್ನಿಂದ ಮಾತ್ರ ಬೇಡಬಹುದು, ಇನ್ನೊಬ್ಬರಿಂದ ಬೇಡುವ ಹಕ್ಕು ಯಾರಿಗೂ ಇಲ್ಲ. ಶ್ರಮದಾನದ ಶಿಬಿರ ನಡೆದ ಊರಿನಲ್ಲಿ ನೂರು ಜನರಿಗೆ ಅಡುಗೆ ಮಾಡಿ ಪಾತ್ರೆ ತೊಳೆದ ಹೆಂಗಸರ ಬೆವರು ಸೇವೆಯ ಲೆಕ್ಕದಲ್ಲಿ ಬರೆಯಲ್ಪಟ್ಟಿದೆಯೇ ಎಂಬುದನ್ನು ಪ್ರತಿ ಸಂಘಟನೆಯೂ ಕೇಳಿಕೊಳ್ಳಬೇಕು.

ನಿಸ್ವಾರ್ಥವೆಂದರೆ ಮೌನವೂ ಅಲ್ಲ. ಮಾಗಡಿ ತಾಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಕಲ್ಲುಕ್ವಾರಿಯ ಕೂಲಿಕಾರ್ತಿ. ಮಕ್ಕಳಿಲ್ಲದ ಆ ದಂಪತಿ ಹುಲಿಕಲ್ ಮತ್ತು ಕುದೂರಿನ ನಡುವಣ ರಸ್ತೆಯ ಬದಿಯಲ್ಲಿ ಮೊದಲ ವರ್ಷ ಹತ್ತು ಆಲದ ಸಸಿ ನೆಟ್ಟರು, ಮರುವರ್ಷ ಹದಿನೈದು, ಆಮೇಲೆ ಇಪ್ಪತ್ತು. ನೀರನ್ನು ಕೊಡದಲ್ಲಿ ಹೊತ್ತರು, ಮುಳ್ಳು ಕಟ್ಟಿದರು. 1991ರಲ್ಲಿ ಪತಿ ಚಿಕ್ಕಯ್ಯ ತೀರಿಕೊಂಡರೂ ಮರಗಳ ಮೇಲಿನ ಅಕ್ಕರೆ ಆರಲಿಲ್ಲ. 2019ರಲ್ಲಿ ರಸ್ತೆ ಅಗಲಗೊಳಿಸುವ ಯೋಜನೆಯಿಂದ ಆ ಮರಗಳಿಗೆ ಕುತ್ತು ಬಂದಾಗ, ಪದ್ಮಶ್ರೀಯನ್ನು ಮನೆಯಲ್ಲಿಟ್ಟು ಸುಮ್ಮನೆ ಕೂರದೆ, ಮರ ಉಳಿಸಿರೆಂದು ಸರ್ಕಾರದ ಮುಂದೆ ನಿಂತು ಕೇಳಿದರು. ತನಗಾಗಿ ಬೇಡದವರೇ ಮರಕ್ಕಾಗಿ ಗಟ್ಟಿಯಾಗಿ ಬೇಡಬಲ್ಲರು. 2025ರ ನವೆಂಬರ್‌ನಲ್ಲಿ ಅವರು ಕಣ್ಣು ಮುಚ್ಚಿದರು, ನೆರಳು ಉಳಿದಿದೆ.

ಹಾಗಾದರೆ ಬೆಟ್ಟದ ಊರಿನಲ್ಲಿ ಈ ಸಾಧನೆಯನ್ನು ಆರಂಭಿಸುವ ಬಗೆ ಯಾವುದು? ಅದಕ್ಕೆ ದೀಕ್ಷೆ ಬೇಡ, ಕಾವಿ ಬೇಡ. ಕೈಗೆಟುಕುವ ಒಂದು ಕೆಲಸ ಸಾಕು: ಊರ ಹಳ್ಳದ ಒಂದು ಕಟ್ಟು, ಸೊಪ್ಪಿನ ಬೆಟ್ಟದ ಅಂಚಿನ ಬೆಂಕಿಗೆರೆ, ಶಾಲೆಯ ಹಿಂದಿನ ಹತ್ತು ಸಸಿ. ಅದನ್ನು ವಾರಕ್ಕೊಮ್ಮೆ, ಯಾರೂ ಕರೆಯದಿದ್ದರೂ, ತಪ್ಪದೆ ಮಾಡುವುದು ಮೊದಲ ನಿಯಮ. ಮಾಡಿದ್ದನ್ನು ಮಾಡಿದವರೇ ಸಾರದಿರುವುದು ಎರಡನೆಯದು. ಮೂರನೆಯದು ಕಠಿಣ: ಕೆಲಸ ಕೆಟ್ಟ ದಿನ ತನ್ನ ಮನಸ್ಸನ್ನು ತಾನೇ ನೋಡಿಕೊಳ್ಳುವುದು. ನೆಟ್ಟ ಸಸಿಯನ್ನು ನೆರೆಮನೆಯ ದನ ತಿಂದರೆ ಏಳುವ ಸಿಟ್ಟು ಸಸಿಗಾಗಿಯೋ, 'ನನ್ನ' ಸಸಿ ಎಂಬುದಕ್ಕಾಗಿಯೋ? ತನ್ನ ಶ್ರಮದ ಶ್ರೇಯಸ್ಸು ಇನ್ನೊಬ್ಬರ ಪಾಲಾದಾಗ ಮರುದಿನ ಹಾರೆ ಹಿಡಿಯುವ ಕೈ ಭಾರವಾಗುವುದೇಕೆ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವ ಗಳಿಗೆಯೇ ಧ್ಯಾನ. ಸಿಟ್ಟು ಇಳಿದ ಮೇಲೆ ನೆರೆಮನೆಯವರೊಡನೆ ಕುಳಿತು ಬೇಲಿ ಕಟ್ಟುವುದೇ ಅದರ ಮುಂದಿನ ಹೆಜ್ಜೆ.

ಆಲದ ಸಸಿ ನೆಟ್ಟವರು ಅದರ ಬಿಳಲು ನೆಲಕ್ಕಿಳಿಯುವುದನ್ನು ಕಾಣಲೇಬೇಕೆಂದಿಲ್ಲ. ತಾಯಿಮರದಡಿ ಆಯ್ದ ಬೀಜ ಕಾಡಾಗುವುದಕ್ಕೆ ಒಂದು ತಲೆಮಾರು ಸಾಲದು. ಫಲವನ್ನು ಬಿಡುವ ಪಾಠವನ್ನು ಮರಕ್ಕಿಂತ ಚೆನ್ನಾಗಿ ಕಲಿಸುವ ಗುರು ಇನ್ನೊಬ್ಬರಿಲ್ಲ. ಬೆಟ್ಟದ ಜನರಿಗೆ ಆ ಗುರು ಮನೆಯ ಅಂಗಳದಲ್ಲಿಯೇ ನಿಂತಿದ್ದಾನೆ. ಈ ಮಳೆಗಾಲದಲ್ಲಿ ನೆಟ್ಟ ಸಸಿಗಳಿಗೆ ಬರುವ ಚೈತ್ರದಲ್ಲಿ ನೀರು ದೊರೆತರೆ ಇಂದಿನ ಸಭೆ ಸಾರ್ಥಕ.