ನಾಣ್ಯವನ್ನು ಉಜ್ಜಬೇಡಿ, ದೀಪವನ್ನು ಸರಿಸಿ
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ಪೆಟ್ಟಿಗೆಯ ತಳದಲ್ಲಿ ಹಿರಿಯರ ಕಾಲದ ಒಂದೆರಡು ನಾಣ್ಯಗಳು ಇರುವುದುಂಟು. ಮುಮ್ಮಡಿ ಕೃಷ್ಣರಾಜ ಒಡೆಯರ (1799–1868) ಆಳಿಕೆಯಲ್ಲಿ ಟಂಕಿಸಿದ ತಾಮ್ರದ ಕಾಸುಗಳು ಇಂಥವು. ಕೆಲವದರ ಮೇಲೆ ಆನೆ, ಕೆಲವದರ ಮೇಲೆ ಸಿಂಹ, ಜೊತೆಗೆ ಕನ್ನಡ ಅಕ್ಷರ. ಆದರೆ ಕೈಯಿಂದ ಕೈಗೆ ದಾಟಿ ಸವೆದಿರುವುದರಿಂದ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಆಗ ನಾವು ಏನು ಮಾಡುತ್ತೇವೆ? ದೇವರ ತಂಬಿಗೆಯನ್ನು ಬೆಳಗುವಂತೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತೇವೆ. ನಾಣ್ಯ ಥಳಥಳಿಸುತ್ತದೆ, ಆದರೆ ಹುಳಿಯು ಲೋಹದ ಮೇಲ್ಪದರವನ್ನು ತಿನ್ನುತ್ತದೆ, ಉಜ್ಜಾಟವು ಅಕ್ಷರದ ಅಂಚನ್ನು ಸವೆಸುತ್ತದೆ. ಹಾಗೆ ಹೋದುದು ಮರಳಿ ಬಾರದು.

ಉಜ್ಜುವುದರಿಂದ ಆಗದ ಕೆಲಸವನ್ನು ಒಂದು ಒಳ್ಳೆಯ ಛಾಯಾಚಿತ್ರ ಮಾಡಬಲ್ಲುದು. ಅದಕ್ಕೆ ದುಬಾರಿ ಕ್ಯಾಮೆರಾ ಬೇಕೆಂದಿಲ್ಲ. ಜೇಬಿನಲ್ಲಿರುವ ಫೋನು, ಒಂದು ಟೇಬಲ್ ಲ್ಯಾಂಪು, ಒಂದಿಷ್ಟು ತಾಳ್ಮೆ ಸಾಕು.

ಮೊದಲನೆಯದು ಬೆಳಕು. ಗಿರಣಿಯಲ್ಲಿ ನೇಯ್ಗೆಯ ದೋಷ ನೋಡುವವರು ಬಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ಶಾಸನ ಓದುವವರು ನಡುಹಗಲಿಗಿಂತ ಬೆಳಗಿನ ಅಥವಾ ಸಂಜೆಯ ಓರೆಬಿಸಿಲನ್ನು ಮೆಚ್ಚುತ್ತಾರೆ. ಕಾರಣ ಒಂದೇ. ಬೆಳಕು ಮೇಲಿನಿಂದ ನೇರವಾಗಿ ಬಿದ್ದರೆ ಉಬ್ಬೂ ತಗ್ಗೂ ಒಂದೇ ಸಮನಾಗಿ ಬೆಳಗುತ್ತವೆ. ಪಕ್ಕದಿಂದ ತಗ್ಗಾಗಿ ಬಿದ್ದರೆ ಕೂದಲೆಳೆಯಷ್ಟು ಉಬ್ಬಿಗೂ ನೆರಳು ಬರುತ್ತದೆ. ಆ ನೆರಳೇ ನಮಗೆ ಅಕ್ಷರ. ಆದುದರಿಂದ ಖೋಲಿಯ ಟ್ಯೂಬ್‌ಲೈಟನ್ನು ಆರಿಸಿ; ಇಲ್ಲವಾದರೆ ಅದು ನೆರಳನ್ನೆಲ್ಲ ತುಂಬಿಬಿಡುತ್ತದೆ. ಲ್ಯಾಂಪನ್ನು ಬಗ್ಗಿಸಿ ನಾಣ್ಯದ ಮಟ್ಟಕ್ಕೆ ತನ್ನಿ. ಬೆಳಕಿನ ದಿಕ್ಕಿನಲ್ಲೇ ಹರಿಯುವ ಗೆರೆಗೆ ನೆರಳು ಬೀಳದು. ಆದ್ದರಿಂದ ದೀಪವನ್ನು ಸುತ್ತ ಸರಿಸಿ ನಾಲ್ಕು ಕಡೆಯಿಂದ ನಾಲ್ಕು ಚಿತ್ರ ತೆಗೆಯಿರಿ. ಅಕ್ಷರದ ತಲೆಯ ಕಡೆಯಿಂದ ಬೆಳಕು ಬಂದ ಚಿತ್ರವನ್ನು ಮುಖ್ಯವೆಂದು ಇಟ್ಟುಕೊಳ್ಳಿ. ಕೆಳಗಿನಿಂದ ಬಂದರೆ ಕಣ್ಣು ಮೋಸಹೋಗಿ, ಉಬ್ಬು ತಗ್ಗಿನಂತೆ ಕಾಣುವುದುಂಟು. ಹೊಳೆಯುವ ಬೆಳ್ಳಿಯ ನಾಣ್ಯವಾದರೆ ದೀಪಕ್ಕೂ ನಾಣ್ಯಕ್ಕೂ ನಡುವೆ ಬಟರ್ ಪೇಪರ್ ಹಿಡಿಯಿರಿ. ಕಣ್ಣು ಕುಕ್ಕುವ ಹೊಳಪು ಅಡಗುತ್ತದೆ.

ಎರಡನೆಯದು, ದಾರಿ ತಪ್ಪಿದ ಬೆಳಕು. ಫೋನಿನ ಲೆನ್ಸಿನ ಮೇಲೆ ನಮ್ಮ ಬೆರಳಿನ ಜಿಡ್ಡು ಸದಾ ಇರುತ್ತದೆ. ಅದು ಚಿತ್ರದ ಮೇಲೆಲ್ಲ ಮಂಜು ಹರಡಿ ಕಪ್ಪನ್ನು ಬೂದಿಬಣ್ಣ ಮಾಡುತ್ತದೆ. ಮೆತ್ತನೆಯ ಒಣಬಟ್ಟೆಯಿಂದ ಮೊದಲು ಲೆನ್ಸನ್ನು ಒರೆಸಿ. ದೀಪದ ಬೆಳಕು ನೇರವಾಗಿ ಲೆನ್ಸಿಗೆ ತಾಗದಂತೆ ಒಂದು ರಟ್ಟನ್ನು ಅಡ್ಡ ನಿಲ್ಲಿಸಿ. ನಾಣ್ಯದ ಕೆಳಗೆ ಬಿಳಿ ಹಾಳೆಗಿಂತ ಮಾಸಲು ಕಪ್ಪುಬಟ್ಟೆ ಮೇಲು.

ಮೂರನೆಯದು ಸ್ಥಿರತೆ ಮತ್ತು ಮಟ್ಟ. ವಸ್ತು ಚಿಕ್ಕದಾದಷ್ಟೂ ಕೈನಡುಕ ದೊಡ್ಡದಾಗಿ ಕಾಣುತ್ತದೆ. ಎರಡು ಕಡೆ ಪುಸ್ತಕಗಳನ್ನು ಗೇಣೆತ್ತರಕ್ಕೆ ಪೇರಿಸಿ, ಫೋನನ್ನು ಸೇತುವೆಯಂತೆ ಮೇಲಿಡಿ, ಲೆನ್ಸು ನಡುವಿನ ಸಂದಿಗೆ ಬರಲಿ. ಗುಂಡಿ ಒತ್ತುವಾಗಲೂ ಫೋನು ಅಲುಗುತ್ತದೆ. ಟೈಮರ್ ಇಟ್ಟು ಕೈ ತೆಗೆಯಿರಿ. ತೀರ ಹತ್ತಿರ ಒಯ್ದರೆ ಸಾಮಾನ್ಯ ಫೋನಿಗೆ ಫೋಕಸ್ ಆಗದು. ತುಸು ದೂರದಿಂದ ತೆಗೆದು ಆಮೇಲೆ ಸುತ್ತಲಿನದನ್ನು ಕತ್ತರಿಸಿಕೊಳ್ಳಿ.

ದೊಡ್ಡ ಕ್ಯಾಮೆರಾ ಉಳ್ಳವರಿಗೆ ಒಂದು ಲೆಕ್ಕ. 35 ಮಿಲಿಮೀಟರ್ ಫಿಲ್ಮಿನ ಅಳತೆಯ ಕ್ಯಾಮೆರಾದಲ್ಲಿ ವಸ್ತುವನ್ನು ಅದರ ನಿಜಗಾತ್ರದಲ್ಲೇ ಮೂಡಿಸಿದಾಗ, ಎಫ್ 8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. 25 ಮಿಲಿಮೀಟರ್ ಅಗಲದ ನಾಣ್ಯ 5 ಡಿಗ್ರಿ ವಾಲಿದರೆ ಒಂದು ಅಂಚು ಇನ್ನೊಂದಕ್ಕಿಂತ 2 ಮಿಲಿಮೀಟರಿಗೂ ಹೆಚ್ಚು ಮೇಲೇಳುತ್ತದೆ. ಆಗ ಅರ್ಧ ಅಕ್ಷರ ಸ್ಪಷ್ಟ, ಅರ್ಧ ಮಸುಕು. ಮಟ್ಟ ನೋಡಲು ನಾಣ್ಯದ ಜಾಗದಲ್ಲಿ ಸಣ್ಣ ಕನ್ನಡಿಯಿಡಿ. ಲೆನ್ಸಿನ ಬಿಂಬ ಚಿತ್ರದ ನಟ್ಟನಡುವೆ ಕಂಡರೆ ಮಟ್ಟ ಸರಿಯಾಯಿತು. ಇದು ಫೋನಿಗೂ ಸಲ್ಲುವ ಉಪಾಯ. ಆಳ ಹೆಚ್ಚಲೆಂದು ಲೆನ್ಸಿನ ಕಿಂಡಿಯನ್ನು ಎಫ್ 22, 32ರವರೆಗೆ ಕಿರಿದು ಮಾಡುವವರಿದ್ದಾರೆ. ತೀರ ಕಿರಿಯ ಕಿಂಡಿಯಲ್ಲಿ ಬೆಳಕು ಚದರಿ ಚಿತ್ರವೆಲ್ಲ ಮೆತ್ತಗಾಗುತ್ತದೆ. ಇಷ್ಟು ಹತ್ತಿರದ ಚಿತ್ರಕ್ಕೆ ಎಫ್ 8ರಿಂದ 11 ಹದವಾದುದು.

ಚಿತ್ರ ಬಂದ ಮೇಲೆ ಫೋನಿನಲ್ಲಿಯೇ ಕಪ್ಪು-ಬಿಳುಪಿನ ಅಂತರವನ್ನು ತುಸು ಹೆಚ್ಚಿಸಬಹುದು. ಅದು ಅಡುಗೆಗೆ ಉಪ್ಪಿದ್ದಂತೆ. ಹೆಚ್ಚಾದರೆ ಇಲ್ಲದ ಗೆರೆ ಮೂಡಿ, ಅಕ್ಷರವನ್ನು ತಪ್ಪಾಗಿ ಓದಿಸುತ್ತದೆ. ತಿದ್ದದ ಮೂಲಚಿತ್ರವನ್ನು ಬೇರೆಯಾಗಿ ಇಟ್ಟಿರಲೇಬೇಕು.

ಕಡೆಯದಾಗಿ ಒಂದು ಬಿನ್ನಹ. ಚಿತ್ರದಲ್ಲಿ ನಾಣ್ಯದ ಪಕ್ಕ ಅಳತೆಪಟ್ಟಿ ಇರಲಿ. ತೂಕವೆಷ್ಟು, ಯಾವ ಊರಿನದು, ಯಾರಿಂದ ಬಂದಿತು ಎಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಕಷ್ಟಕಾಲದಲ್ಲಿ ನಾಣ್ಯ ಕೈಬಿಡಬಹುದು, ಅಣ್ಣತಮ್ಮಂದಿರಲ್ಲಿ ಹಂಚಿಹೋಗಬಹುದು. ಇಂಥ ಚಿತ್ರವೂ ಹಾಳೆಯೂ ಇದ್ದರೆ ಊರಿನ ಅಣ್ಣನೂ ನೋಡಬಹುದು, ಬಲ್ಲವರೂ ಓದಿ ಹೇಳಬಹುದು. ಹುಣಸೆಹಣ್ಣು ಸಾರಿಗಿರಲಿ, ನಾಣ್ಯಕ್ಕೆ ಓರೆಬೆಳಕೇ ಸಾಕು.